ಹಗಲೂ ರಾತ್ರಿ ಓಡುವ ಸರ್ವರಿಗೆ ಕಡಿಮೆ ಕರೆಂಟಿನ ಹಾರ್ಡ್ ಡಿಸ್ಕ್ ಹುಡುಕಿದ್ದು

ವರ್ಷಕ್ಕೆ 8,760 ಗಂಟೆ. ಬಿಡುವಿಲ್ಲದೆ ಓಡುವ ವಸ್ತು ಒಂದೇ ಒಂದು ವ್ಯಾಟ್ ಎಳೆದರೂ ವರ್ಷದ ಕೊನೆಗೆ 8.76 ಯೂನಿಟ್ ಆಗುತ್ತದೆ. ಇಸ್ತ್ರಿಪೆಟ್ಟಿಗೆ ಸಾವಿರ ವ್ಯಾಟ್ ಎಳೆಯುತ್ತದೆ ನಿಜ, ಆದರೆ ಸ್ವಲ್ಪ ಹೊತ್ತಿಗೆ ಅದರ ಕೆಲಸ ಮುಗಿಯುತ್ತದೆ. ಸರ್ವರ್ ಹಾಗಲ್ಲ. ನಾವು ಮಲಗಿದ್ದಾಗಲೂ, ಮನೆಯಲ್ಲಿ ಯಾರೂ ಇಲ್ಲದಾಗಲೂ ಅದು ಓಡುತ್ತಲೇ ಇರುತ್ತದೆ. ಹಾಗಾಗಿ ಅದರೊಳಗೆ ಏನು ಹಾಕಬೇಕು ಅನ್ನುವಾಗ ಒಂದೊಂದು ವ್ಯಾಟನ್ನೂ ಎಣಿಸಬೇಕು ಅಂತ ನನಗೆ ಅನ್ನಿಸುತ್ತದೆ.

ನಮ್ಮ ಮನೆಯ ಸರ್ವರ್ ದೊಡ್ಡದೇನಲ್ಲ. ಕಡಿಮೆ ಕರೆಂಟಿನ ಒಂದು ಸಣ್ಣ ಬೋರ್ಡು, ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿದ ಒಂದು ಪುಟ್ಟ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕು), ಹಳೆಯ ಡೆಸ್ಕ್‌ಟಾಪ್‌ಗಳಿಂದ ಬಿಚ್ಚಿದ 2 ಟಿಬಿಯ ಎರಡು ಹಾರ್ಡ್ ಡಿಸ್ಕು. ಮನೆಯವರೆಲ್ಲರ ಫೋನಿನ ಫೋಟೋ, ಲ್ಯಾಪ್‌ಟಾಪ್‌ಗಳ ಬ್ಯಾಕಪ್, ಹಾಡು, ಕಾಗದಪತ್ರಗಳ ಸ್ಕ್ಯಾನ್, ಎಲ್ಲ ಅಲ್ಲೇ. ಎರಡೂ ಡಿಸ್ಕು ರೈಡ್ 1ರಲ್ಲಿದ್ದವು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತಿತ್ತು. ಜಾಗ ತುಂಬುತ್ತಾ ಬಂದಿತ್ತು, ಡಿಸ್ಕುಗಳಿಗೂ ವಯಸ್ಸಾಗಿತ್ತು. ಹೇಗೂ ಬದಲಿಸಲೇಬೇಕು, ಈ ಸಲ ಕರೆಂಟಿನ ಲೆಕ್ಕ ನೋಡಿಯೇ ಬದಲಿಸೋಣ ಅಂದುಕೊಂಡೆ.

ಮೊದಲು ಅಳತೆ. ಗೋಡೆಯ ಸಾಕೆಟ್ಟಿಗೂ ಸರ್ವರಿನ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ವ್ಯಾಟ್ ಮೀಟರ್ ಇದ್ದರೆ ಸಾಕು. ಎರಡೂ ಡಿಸ್ಕು ಸುಮ್ನೆ ತಿರುಗುತ್ತಿರುವಾಗ, ಅಂದರೆ ಯಾರೂ ಏನನ್ನೂ ಓದದೆ ಬರೆಯದೆ ಇರುವಾಗ, ಮೀಟರ್ 31 ವ್ಯಾಟ್ ತೋರಿಸಿತು. ಸರ್ವರ್ ಆಫ್ ಮಾಡಿ, ಎರಡೂ ಡಿಸ್ಕಿನ ವೈರ್ ಕಿತ್ತು ಮತ್ತೆ ಆನ್ ಮಾಡಿದೆ. 14 ವ್ಯಾಟ್. ಅಲ್ಲಿಗೆ ಎರಡು ಹಾರ್ಡ್ ಡಿಸ್ಕಿನ ಪಾಲು 17 ವ್ಯಾಟ್. ವರ್ಷಕ್ಕೆ 149 ಯೂನಿಟ್. ಪ್ರೊಸೆಸರ್, ಬೋರ್ಡು, ಮೆಮೊರಿ, ನೆಟ್‌ವರ್ಕ್ ಎಲ್ಲ ಸೇರಿ ಎಳೆಯುವುದಕ್ಕಿಂತ ಜಾಸ್ತಿ! ಕಡಿಮೆ ಕರೆಂಟಿನ ಬೋರ್ಡು ಬೇಕು ಅಂತ ಅಷ್ಟೊಂದು ಹುಡುಕಿ ತಂದಿದ್ದೆ. ಅದು ಉಳಿಸಿದ್ದನ್ನೆಲ್ಲ ಈ ಎರಡು ಡಿಸ್ಕು ಖಾಲಿ ಮಾಡುತ್ತಿದ್ದವು.

ಈ 17 ವ್ಯಾಟ್ ಪೂರ್ತಿ ಡಿಸ್ಕುಗಳದ್ದೇ ಅಲ್ಲ. ಪವರ್ ಸಪ್ಲೈ ತನ್ನ ಪಾಲನ್ನೂ ತೆಗೆದುಕೊಳ್ಳುತ್ತದೆ. ಡೆಸ್ಕ್‌ಟಾಪಿನ ದೊಡ್ಡ ಪವರ್ ಸಪ್ಲೈಗಳು ತೀರ ಕಡಿಮೆ ಲೋಡಿನಲ್ಲಿ ಚೆನ್ನಾಗಿ ಕೆಲಸ ಮಾಡುವುದಿಲ್ಲ. ಪವರ್ ಸಪ್ಲೈ ಕರೆಂಟು ಎಷ್ಟು ಪೋಲುಮಾಡುತ್ತದೆ ಅಂತ ಅಳೆದು ಕೊಡುವ 80 ಪ್ಲಸ್ ಸರ್ಟಿಫಿಕೇಟಿನ ಪರೀಕ್ಷೆಯೂ, ಟೈಟಾನಿಯಂನಂಥ ತೀರ ಮೇಲಿನ ದರ್ಜೆಗಳನ್ನು ಬಿಟ್ಟರೆ, ಶುರುವಾಗುವುದೇ ಶೇಕಡಾ 20ರ ಲೋಡಿನಿಂದ. 400 ವ್ಯಾಟಿನ ಸಪ್ಲೈಯಲ್ಲಿ 31 ವ್ಯಾಟ್ ಅಂದರೆ ಶೇಕಡಾ 8 ಕೂಡ ಇಲ್ಲ. ಅದಕ್ಕೇ ಗೋಡೆಯ ಹತ್ತಿರ ಅಳೆದದ್ದನ್ನು ಮಾತ್ರ ನಂಬಬೇಕು. ಡಿಸ್ಕಿನ ಮೇಲಿನ ಚೀಟಿಯಲ್ಲಿ 12 ವೋಲ್ಟಿಗೆ ಇಷ್ಟು ಆಂಪ್, 5 ವೋಲ್ಟಿಗೆ ಇಷ್ಟು ಆಂಪ್ ಅಂತ ಬರೆದಿರುತ್ತದಲ್ಲ, ಅದನ್ನು ಗುಣಿಸಿ ನೋಡಿದರೆ ದಿನನಿತ್ಯದ ಖರ್ಚು ಗೊತ್ತಾಗುವುದಿಲ್ಲ.

ಆಮೇಲೆ ಡೇಟಾಶೀಟುಗಳನ್ನು ಓದಲು ಕೂತೆ. ಕಂಪನಿಗಳು ಸಾಮಾನ್ಯವಾಗಿ ಮೂರು ಅಂಕಿ ಕೊಡುತ್ತವೆ. ಓದುವಾಗ ಬರೆಯುವಾಗ ಎಷ್ಟು, ಕೆಲಸವಿಲ್ಲದೆ ತಿರುಗುವಾಗ ಎಷ್ಟು, ತಿರುಗುವುದನ್ನು ನಿಲ್ಲಿಸಿ ಮಲಗಿದಾಗ ಎಷ್ಟು. ಜಾಹೀರಾತಿನಲ್ಲಿ ಕಣ್ಣಿಗೆ ಬೀಳುವುದು ಮೊದಲನೆಯದು. ಮನೆಯ ಸರ್ವರಿಗೆ ಅದು ಬಹುಮಟ್ಟಿಗೆ ಬೇಡದ ಅಂಕಿ. ಒಂದು ದಿನದಲ್ಲಿ ನಮ್ಮ ಡಿಸ್ಕು ನಿಜವಾಗಿ ಓದಿ ಬರೆಯುವ ಹೊತ್ತು ಎಷ್ಟು? ಎಲ್ಲ ಕೂಡಿಸಿದರೂ ಒಂದು ಗಂಟೆ ದಾಟುವುದು ಕಷ್ಟ. ಉಳಿದ ಹೊತ್ತೆಲ್ಲ ಅದು ಸುಮ್ನೆ ತಿರುಗುತ್ತಿರುತ್ತದೆ, ಇಲ್ಲವೇ ಮಲಗಿರುತ್ತದೆ. ಹಾಗಾಗಿ ನಾನು ಎರಡನೆಯ ಮತ್ತು ಮೂರನೆಯ ಅಂಕಿಗಳನ್ನು ಮಾತ್ರ ಬರೆದಿಟ್ಟುಕೊಂಡೆ.

ಬರೆದುಕೊಳ್ಳುತ್ತಾ ಹೋದಂತೆ ಚಿತ್ರ ಸ್ಪಷ್ಟವಾಯಿತು. ಮೂರೂವರೆ ಇಂಚಿನ 7200 ಆರ್‌ಪಿಎಂ (ನಿಮಿಷಕ್ಕೆ 7200 ಸುತ್ತು) ಡ್ರೈವುಗಳು ಸುಮ್ನೆ ತಿರುಗಲು 5ರಿಂದ 8 ವ್ಯಾಟ್ ಕೇಳುತ್ತವೆ. ಅದೇ ಅಳತೆಯ 5400 ಆರ್‌ಪಿಎಂ ಡ್ರೈವುಗಳಿಗೆ 3ರಿಂದ 4 ವ್ಯಾಟ್ ಸಾಕು. ಮಲಗಿದಾಗ ಎರಡೂ ಹೆಚ್ಚುಕಮ್ಮಿ ಅರ್ಧ ವ್ಯಾಟಿನಿಂದ ಒಂದು ವ್ಯಾಟಿನೊಳಗೆ. ವೇಗದಲ್ಲಿ ಕಾಲು ಭಾಗ ಕಡಿಮೆಯಾದರೆ ಖರ್ಚು ಹೇಗೆ ಅರ್ಧಕ್ಕೆ ಇಳಿಯುತ್ತದೆ? ಇದಕ್ಕೆ ಕಾರಣ ಒಳಗಿನ ಗಾಳಿ. ಡಿಸ್ಕಿನೊಳಗಿನ ತಟ್ಟೆಗಳು ಗಾಳಿಯನ್ನು ಸೀಳಿಕೊಂಡು ತಿರುಗಬೇಕು. ಆ ತಡೆಗೆ ಹೋಗುವ ಶಕ್ತಿ ವೇಗದ ಹೆಚ್ಚುಕಮ್ಮಿ ಮೂರನೇ ಘಾತದಂತೆ ಏರುತ್ತದೆ. 0.75ನ್ನು ಮೂರು ಸಲ ಗುಣಿಸಿದರೆ 0.42. ಅಂದರೆ ಗಾಳಿಯ ಪಾಲು ಅರ್ಧಕ್ಕಿಂತ ಕಡಿಮೆ. ಬೇರಿಂಗ್ ಮತ್ತು ಎಲೆಕ್ಟ್ರಾನಿಕ್ಸಿನ ಖರ್ಚು ಬೇರೆ ಇದ್ದೇ ಇರುತ್ತದೆ, ಆದರೂ ಅಷ್ಟು ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂತ ಇದರಿಂದ ಅರ್ಥವಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ‘5400 ಆರ್‌ಪಿಎಂ ಕ್ಲಾಸ್’ ಅಂತ ಬರೆದಿದ್ದರೆ ಡಿಸ್ಕು 5400ರಲ್ಲೇ ತಿರುಗುತ್ತದೆ ಅಂತ ತಿಳಿಯಬೇಡಿ. 2020ರಲ್ಲಿ ಹಲವರು ವೆಸ್ಟರ್ನ್ ಡಿಜಿಟಲ್‌ನ ಅಂಥ ಕೆಲವು ಡ್ರೈವುಗಳ ಸದ್ದನ್ನು ಮೈಕ್ ಇಟ್ಟು ರೆಕಾರ್ಡ್ ಮಾಡಿ ನೋಡಿದರು. ಸೆಕೆಂಡಿಗೆ 90 ಸುತ್ತಿನ ಬದಲು 120 ಸುತ್ತಿನ ಗುನುಗು ಕೇಳಿತು. ಅಂದರೆ ನಿಜವಾದ ವೇಗ 7200. ‘ಕ್ಲಾಸ್’ ಅನ್ನುವುದು ಆ ಡ್ರೈವಿನ ಕೆಲಸದ ಮಟ್ಟ ತಿಳಿಸುವ ಹೆಸರು ಅಂತ ಕಂಪನಿ ವಿವರಿಸಿತು. ಕರೆಂಟಿನ ಲೆಕ್ಕ ಮಾಡುವವರಿಗೆ ಈ ವಿವರಣೆಯಿಂದ ಏನೂ ಉಪಯೋಗವಿಲ್ಲ. ಅದಕ್ಕೇ ನಾನು ವೇಗದ ಹೆಸರನ್ನು ಬಿಟ್ಟು ವ್ಯಾಟಿನ ಅಂಕಿಯನ್ನೇ ಹಿಡಿದೆ. ಡೇಟಾಶೀಟಿನಲ್ಲಿ ಸುಮ್ನೆ ತಿರುಗುವಾಗಿನ ಖರ್ಚು 5 ವ್ಯಾಟ್ ದಾಟಿದ್ದರೆ ಆ ಡ್ರೈವ್ ನನ್ನ ಪಟ್ಟಿಯಿಂದ ಹೊರಗೆ, ಅದರ ಹೆಸರು ಏನೇ ಇರಲಿ.

ಮುಂದಿನ ಪ್ರಶ್ನೆ ಎರಡೂವರೆ ಇಂಚಿನ ಡ್ರೈವುಗಳದ್ದು. ಲ್ಯಾಪ್‌ಟಾಪಿಗೆ ಹಾಕುತ್ತಿದ್ದ ಪುಟ್ಟ ಡಿಸ್ಕುಗಳು ಇವು. ಕರೆಂಟಿನ ಮಟ್ಟಿಗೆ ಇವುಗಳನ್ನು ಸೋಲಿಸುವ ಹಾರ್ಡ್ ಡಿಸ್ಕ್ ಇಲ್ಲ. ತಟ್ಟೆ ಚಿಕ್ಕದು, ಗಾಳಿಯ ತಡೆ ಕಡಿಮೆ, ತಿರುಗುತ್ತಿದ್ದರೂ ಒಂದು ವ್ಯಾಟಿನ ಆಸುಪಾಸು. 12 ವೋಲ್ಟ್ ಬೇಕಾಗಿಲ್ಲ, 5 ವೋಲ್ಟಿನಲ್ಲೇ ಓಡುತ್ತವೆ. ತುಂಬ ಆಸೆಯಾಯಿತು. ಆದರೆ 2 ಟಿಬಿಗಿಂತ ದೊಡ್ಡವನ್ನು ಹುಡುಕಿದಾಗ ಸಿಗುವುದೆಲ್ಲ ಹೆಚ್ಚುಕಮ್ಮಿ ಎಸ್‌ಎಂಆರ್ ಅನ್ನುವ ಬಗೆ, ಅದು ನನಗೆ ಬೇಡ. 5 ಟಿಬಿಯವು 15 ಮಿಲಿಮೀಟರ್ ದಪ್ಪ ಬೇರೆ, ಎಲ್ಲ ಪೆಟ್ಟಿಗೆಗಳಲ್ಲೂ ಕೂರುವುದಿಲ್ಲ. ಹೊರಗಿನಿಂದ ಸಿಕ್ಕಿಸುವ ಯುಎಸ್‌ಬಿ ಡ್ರೈವ್ ತಂದು ಒಳಗಿನ ಡಿಸ್ಕನ್ನು ಬಿಚ್ಚಿಕೊಳ್ಳೋಣ ಅಂದರೆ, ಅವುಗಳಲ್ಲಿ ಹಲವಕ್ಕೆ ಡಿಸ್ಕಿನ ಬೋರ್ಡಿನ ಮೇಲೇ ಯುಎಸ್‌ಬಿ ಸಾಕೆಟ್ ಬೆಸುಗೆ ಹಾಕಿರುತ್ತಾರೆ. ಡಿಸ್ಕನ್ನು ಸರ್ವರಿನ ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಹಾಕಲು ಜಾಗವೇ ಇರುವುದಿಲ್ಲ.

ಎಸ್‌ಎಂಆರ್ ಯಾಕೆ ಬೇಡ ಅಂದೆ? ಈ ಬಗೆಯ ಡಿಸ್ಕಿನಲ್ಲಿ ಬರೆಯುವ ಸಾಲುಗಳು ಹೊದಿಸಿದ ಹಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಏರಿಕೊಂಡಿರುತ್ತವೆ. ನಡುವಿನ ಒಂದನ್ನು ಬದಲಿಸಬೇಕು ಅಂದರೆ ಅದರ ಮುಂದಿನವನ್ನೂ ಮತ್ತೆ ಬರೆಯಬೇಕು. ಡ್ರೈವ್ ಹೊಸದಾಗಿ ಬಂದದ್ದನ್ನು ಮೊದಲು ಒಂದು ಕಡೆ ಇಟ್ಟುಕೊಂಡು, ಬಿಡುವಾದಾಗ ತನ್ನ ಪಾಡಿಗೆ ಸರಿಯಾದ ಜಾಗಕ್ಕೆ ಸೇರಿಸುತ್ತದೆ. ಕಡಿಮೆ ಕರೆಂಟು ಹುಡುಕುವವರು ಗಮನಿಸಬೇಕಾದದ್ದು ಇಲ್ಲೇ. ನಮ್ಮ ಕೆಲಸ ಮುಗಿದ ಮೇಲೂ ಡ್ರೈವ್ ಒಳಗೊಳಗೇ ಬರೆಯುತ್ತಾ ಕೂತಿರುತ್ತದೆ. ಒಂದೇ ಸಲ ತುಂಬಿಸಿ ಆಮೇಲೆ ಬರೀ ಓದುವ ಸಂಗ್ರಹಕ್ಕೆ ಇದು ನಡೆಯುತ್ತದೆ. ದಿನಾ ಫೋಟೋ ಬಂದು ಬೀಳುವ, ಬ್ಯಾಕಪ್ ತಿದ್ದುಪಡಿಯಾಗುವ ಜಾಗಕ್ಕೆ ಬೇಡ ಅನ್ನಿಸಿತು. ರೈಡಿನಲ್ಲಿ ಒಂದು ಡಿಸ್ಕು ಹೋಗಿ ಹೊಸದನ್ನು ಸೇರಿಸುವಾಗಲಂತೂ ಇವು ವಿಪರೀತ ನಿಧಾನ.

ಮೂರೂವರೆ ಇಂಚಿನಲ್ಲೂ ಇದನ್ನು ನೋಡಿಯೇ ಕೊಳ್ಳಬೇಕು. 2020ರ ಏಪ್ರಿಲ್‌ನಲ್ಲಿ ಗೊತ್ತಾದ ಸಂಗತಿ ನೆನಪಿರಬಹುದು. ನ್ಯಾಸ್‌ಗೆ (ನೆಟ್‌ವರ್ಕಿನಲ್ಲಿ ಎಲ್ಲರ ಫೈಲ್ ಇಡುವ ಪೆಟ್ಟಿಗೆಗೆ) ಅಂತಲೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್ ರೆಡ್ ಸಾಲಿನಲ್ಲಿ, 2ರಿಂದ 6 ಟಿಬಿಯ ಕೆಲವು ಡ್ರೈವುಗಳು ಎಸ್‌ಎಂಆರ್ ಆಗಿದ್ದವು. ಹಳೆಯ ‘ಇಎಫ್‌ಆರ್‌ಎಕ್ಸ್’ ಮಾಡೆಲ್ ಸಿಎಂಆರ್ (ಸಾಲುಗಳು ಒಂದರ ಮೇಲೊಂದು ಏರದ ಬಗೆ), ಹೊಸ ‘ಇಎಫ್‌ಎಎಕ್ಸ್’ ಎಸ್‌ಎಂಆರ್. ಹೆಸರು ಒಂದೇ, ಕೊನೆಯ ಅಕ್ಷರಗಳಲ್ಲಿ ಮಾತ್ರ ವ್ಯತ್ಯಾಸ. ಗಲಾಟೆಯಾದ ಮೇಲೆ ಸಿಎಂಆರ್ ಡ್ರೈವುಗಳಿಗೆ ರೆಡ್ ಪ್ಲಸ್ ಅಂತ ಬೇರೆ ಹೆಸರು ಬಂತು. ಈಗ ಕಂಪನಿಗಳು ಯಾವ ಮಾಡೆಲ್ ಯಾವ ಬಗೆ ಅಂತ ಪಟ್ಟಿ ಕೊಡುತ್ತವೆ. ಅದರಲ್ಲಿ ಪೂರ್ತಿ ಮಾಡೆಲ್ ನಂಬರನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿಯೇ ನಾನು ಮುಂದೆ ಹೋದೆ.

ಎಲ್ಲವನ್ನೂ ಎಸ್‌ಎಸ್‌ಡಿಗೇ ಹಾಕಬಾರದಾ? ಇಟ್ಟುಕೊಳ್ಳುವುದು ಒಂದೆರಡು ಟಿಬಿಯೊಳಗೇ ಮುಗಿಯುತ್ತದೆ ಅನ್ನುವವರಿಗೆ ನನ್ನ ಉತ್ತರ ಹೌದು, ಹಾಕಿ, ಬೇರೆ ಯೋಚನೆಯೇ ಬೇಡ. ತಿರುಗುವುದು ಏನೂ ಇಲ್ಲ, ಸದ್ದಿಲ್ಲ, ಕೆಲಸವಿಲ್ಲದಾಗ ಒಂದು ವ್ಯಾಟಿಗಿಂತ ಕಡಿಮೆ. ನನಗೆ ಬೇಕಿದ್ದದ್ದು 4 ಟಿಬಿ, ಅದು ಬೆಳೆಯುತ್ತಲೂ ಇರುತ್ತದೆ. ಅಷ್ಟು ಜಾಗದ ಎಸ್‌ಎಸ್‌ಡಿ ಮತ್ತು ಹಾರ್ಡ್ ಡಿಸ್ಕ್ ನಡುವಿನ ಬೆಲೆಯ ಅಂತರ ಎಷ್ಟು ಯೂನಿಟ್ ಉಳಿಸಿದರೂ ವಾಪಸ್ ಬರುವಂಥದ್ದಲ್ಲ.

ಹೀಲಿಯಂ ತುಂಬಿದ ದೊಡ್ಡ ಡ್ರೈವುಗಳನ್ನೂ ನೋಡಿದೆ. 2013ರಲ್ಲಿ ಎಚ್‌ಜಿಎಸ್‌ಟಿ ಕಂಪನಿ 6 ಟಿಬಿಯ ಅಲ್ಟ್ರಾಸ್ಟಾರ್ ಎಚ್‌ಇ6 ತಂದಾಗ ಶುರುವಾದ ದಾರಿ ಇದು. ಹೀಲಿಯಂನ ಸಾಂದ್ರತೆ ಗಾಳಿಯ ಏಳನೇ ಒಂದು ಭಾಗ. ತಡೆ ಕಡಿಮೆ, ಹಾಗಾಗಿ ಒಳಗೆ ಏಳು ತಟ್ಟೆ ಜೋಡಿಸಿದರೂ, 7200ರಲ್ಲಿ ತಿರುಗಿಸಿದರೂ 5 ವ್ಯಾಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. 12 ಟಿಬಿ ಬೇಕಾದವರು ಮೂರು 4 ಟಿಬಿ ಡ್ರೈವ್ ಹಾಕಿದರೆ ಸುಮ್ನೆ ತಿರುಗಲು 10 ವ್ಯಾಟಿಗಿಂತ ಜಾಸ್ತಿ. ಅದೇ ಒಂದು ಹೀಲಿಯಂ ಡ್ರೈವ್ ಹಾಕಿದರೆ ಅದರ ಅರ್ಧ. ನನಗೆ ಇದರಿಂದ ಸಿಕ್ಕ ತಿಳಿವಳಿಕೆ ದೊಡ್ಡದು. ಯಾವ ಡ್ರೈವ್ ಅನ್ನುವುದಕ್ಕಿಂತ ಎಷ್ಟು ಡ್ರೈವ್ ಅನ್ನುವುದೇ ಮುಖ್ಯ. ಎರಡು ಒಳ್ಳೆಯ ಡ್ರೈವುಗಳಿಗಿಂತ ಒಂದು ಸಾಧಾರಣ ಡ್ರೈವ್ ಕಡಿಮೆ ಕರೆಂಟು ತಿನ್ನುತ್ತದೆ.

ಆಗ ರೈಡ್ 1ರ ಬಗ್ಗೆಯೇ ಮತ್ತೆ ಯೋಚಿಸಿದೆ. ಎರಡನೇ ಡಿಸ್ಕು ವರ್ಷವಿಡೀ ತಿರುಗುತ್ತಿದ್ದದ್ದು ಯಾತಕ್ಕೆ? ಒಂದು ಡಿಸ್ಕು ಕೆಟ್ಟರೂ ಸರ್ವರ್ ನಿಲ್ಲದೆ ಓಡಲಿ ಅಂತ. ಆಫೀಸಿನಲ್ಲಿ ಅದು ಬೇಕು. ಮನೆಯಲ್ಲಿ ಒಂದು ದಿನ ಹಳೆಯ ಫೋಟೋ ಕಾಣದಿದ್ದರೆ ಏನೂ ಆಗುವುದಿಲ್ಲ. ಫೋಟೋ ಕಳೆದುಹೋಗಬಾರದು, ಅಷ್ಟೇ. ಅದಕ್ಕೆ ರೈಡ್ ಉತ್ತರವೂ ಅಲ್ಲ. ಯಾರಾದರೂ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಒಟ್ಟಿಗೇ ಅಳಿಸಿಹೋಗುತ್ತದೆ. ಬೇಕಾದದ್ದು ಬೇರೆ ಇಟ್ಟ ಬ್ಯಾಕಪ್. ಅದು ದಿನವಿಡೀ ತಿರುಗಬೇಕಾಗಿಲ್ಲ, ಕರೆಂಟೇ ಇಲ್ಲದೆ ಕೂತಿದ್ದರೆ ಇನ್ನೂ ಒಳ್ಳೆಯದು.

ಹೀಗೆ ಆಯ್ಕೆ ಮುಗಿಯಿತು. 4 ಟಿಬಿಯ ಒಂದು ಸಿಎಂಆರ್ ನ್ಯಾಸ್ ಡ್ರೈವ್, ಸುಮ್ನೆ ತಿರುಗುವಾಗ 4 ವ್ಯಾಟಿನೊಳಗೆ ಇರುವಂಥದ್ದು. ಜೊತೆಗೆ 1 ಟಿಬಿಯ ಒಂದು ಸಾಟಾ ಎಸ್‌ಎಸ್‌ಡಿ. ದಿನಾ ಮುಟ್ಟುವುದೆಲ್ಲ ಎಸ್‌ಎಸ್‌ಡಿಯ ಮೇಲೆ: ಡೇಟಾಬೇಸು, ಲಾಗು, ಫೋಟೋಗಳ ಸಣ್ಣ ಚಿತ್ರಗಳು, ಇತ್ತೀಚಿನ ಕೆಲವು ತಿಂಗಳ ಫೋಟೋಗಳು. ಹಳೆಯದು, ದೊಡ್ಡದು, ಅಪರೂಪಕ್ಕೆ ತೆರೆಯುವುದು ಹಾರ್ಡ್ ಡಿಸ್ಕಿನ ಮೇಲೆ. ಹಳೆಯ ಎರಡು ಡಿಸ್ಕುಗಳು ಯುಎಸ್‌ಬಿ ಡಾಕಿನಲ್ಲಿ (ಡಿಸ್ಕನ್ನು ಹೊರಗಿನಿಂದ ಯುಎಸ್‌ಬಿಗೆ ಜೋಡಿಸುವ ಪೆಟ್ಟಿಗೆ) ಬ್ಯಾಕಪ್‌ಗೆ ಹೋದವು. ವಾರಕ್ಕೊಮ್ಮೆ ಸ್ವಿಚ್ ಹಾಕಿ, ನಕಲು ಮಾಡಿ, ಸ್ವಿಚ್ ತೆಗೆಯುವುದು.

ಆದರೆ ಕಡಿಮೆ ಕರೆಂಟಿನ ಡ್ರೈವ್ ತಂದು ಹಾಕಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಉಳಿದ ಅರ್ಧ ಅದನ್ನು ಮಲಗಿಸುವುದು. ನನ್ನ ಹೆಚ್ಚಿನ ಹೊತ್ತು ಹೋದದ್ದೂ ಅಲ್ಲೇ.

ಪದೇ ಪದೇ ನಿಲ್ಲಿಸಿ ಶುರುಮಾಡಿದರೆ ಜಾಸ್ತಿ ಕರೆಂಟು ಹೋಗುವುದಿಲ್ವಾ ಅಂತ ಹಲವರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಬಹುದು. ನಿಂತ ಡಿಸ್ಕು ತಿರುಗಲು ಶುರುಮಾಡುವಾಗ 20 ವ್ಯಾಟಿನಷ್ಟು ಎಳೆಯುತ್ತದೆ, ಸುಮಾರು ಹತ್ತು ಸೆಕೆಂಡು. ಅಂದರೆ 200 ಜೌಲ್. ಮಲಗಿದಾಗ ಮೂರೂವರೆ ವ್ಯಾಟ್ ಉಳಿಯುತ್ತದೆ ಅಂದುಕೊಂಡರೆ, ಈ 200 ಜೌಲ್ ಒಂದು ನಿಮಿಷದೊಳಗೆ ವಾಪಸ್ ಬರುತ್ತದೆ. ಕರೆಂಟಿನ ದೃಷ್ಟಿಯಿಂದ ಒಂದು ನಿಮಿಷಕ್ಕಿಂತ ಜಾಸ್ತಿ ಮಲಗಿದರೆ ಲಾಭವೇ. ನಿಜವಾಗಿ ಯೋಚಿಸಬೇಕಾದದ್ದು ಸವೆತದ ಬಗ್ಗೆ.

ಅದಕ್ಕೆ ವೆಸ್ಟರ್ನ್ ಡಿಜಿಟಲ್‌ನ ಹಳೆಯ ಗ್ರೀನ್ ಡ್ರೈವುಗಳು ಒಳ್ಳೆಯ ಪಾಠ. ಕರೆಂಟು ಉಳಿಸಲೆಂದೇ ಮಾಡಿದ ಅವು 8 ಸೆಕೆಂಡು ಕೆಲಸ ಇಲ್ಲದಿದ್ದರೆ ಓದುವ ತಲೆಯನ್ನು ಪಕ್ಕಕ್ಕೆ ನಿಲ್ಲಿಸುತ್ತಿದ್ದವು. ಲಿನಕ್ಸ್ ಬರೆಯಬೇಕಾದದ್ದನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಸುಮಾರು 30 ಸೆಕೆಂಡಿಗೊಮ್ಮೆ ಡಿಸ್ಕಿಗೆ ಕಳಿಸುತ್ತದೆ. 30 ಸೆಕೆಂಡಿಗೊಮ್ಮೆ ತಲೆ ಒಳಗೆ ಹೊರಗೆ ಹೋದರೆ ದಿನಕ್ಕೆ 2,880 ಸಲ. ಆ ಡ್ರೈವಿಗೆ ಹೇಳಿದ್ದ ಮಿತಿ 3 ಲಕ್ಷ ಸಲ. ನೂರು ಚಿಲ್ಲರೆ ದಿನದಲ್ಲಿ ಮಿತಿ ಮುಗಿಯುತ್ತದೆ. ಈಗಿನ ನ್ಯಾಸ್ ಡ್ರೈವುಗಳಿಗೆ ಸಾಮಾನ್ಯವಾಗಿ 6 ಲಕ್ಷ ಅಂತ ಬರೆದಿರುತ್ತಾರೆ. ಆದರೂ ಡ್ರೈವ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ಸ್ಮಾರ್ಟ್ ಮಾಹಿತಿಯಲ್ಲಿ 193ನೇ ಸಾಲು, ಅಂದರೆ ತಲೆ ಒಳಗೆ ಹೊರಗೆ ಹೋದ ಲೆಕ್ಕ (ಲೋಡ್ ಸೈಕಲ್ ಕೌಂಟ್), ಹೊಸ ಡ್ರೈವ್ ಹಾಕಿದ ಮೊದಲ ದಿನಗಳಲ್ಲಿ ಎಷ್ಟು ಏರುತ್ತಿದೆ ಅಂತ ನೋಡಲೇಬೇಕು. ದಿನಕ್ಕೆ ನೂರಾರು ಏರುತ್ತಿದ್ದರೆ ಡ್ರೈವ್ ಮಲಗುವ ಅವಧಿಯನ್ನೋ ಕರೆಂಟು ಉಳಿಸುವ ಮಟ್ಟವನ್ನೋ (ಎಪಿಎಂ) ಬದಲಿಸಬೇಕು.

ಎಷ್ಟು ಹೊತ್ತು ಕೆಲಸವಿಲ್ಲದಿದ್ದರೆ ಮಲಗಬೇಕು ಅಂತ ಡ್ರೈವಿಗೆ ಹೇಳಲು ನಾನು ಲಿನಕ್ಸಿನ ಎಚ್‌ಡಿಪಾರ್ಮ್ ಆದೇಶದ ದೊಡ್ಡ ಎಸ್ ಆಯ್ಕೆಗೆ 241 ಕೊಟ್ಟೆ. ಈ ಅಂಕಿಗಳ ಕ್ರಮ ವಿಚಿತ್ರವಾಗಿದೆ. 1ರಿಂದ 240ರವರೆಗೆ ಒಂದೊಂದಕ್ಕೂ 5 ಸೆಕೆಂಡು, 241ರಿಂದ 251ರವರೆಗೆ ಒಂದೊಂದಕ್ಕೂ ಅರ್ಧ ಗಂಟೆ. ಹಾಗಾಗಿ 120 ಅಂದರೆ 10 ನಿಮಿಷ, 241 ಅಂದರೆ 30 ನಿಮಿಷ, 242 ಅಂದರೆ ಒಂದು ಗಂಟೆ. ಕೆಲವು ಡ್ರೈವುಗಳು ಈ ಮಾತನ್ನು ಕೇಳುವುದೇ ಇಲ್ಲ. ಅಂಥವಕ್ಕೆ ಎಚ್‌ಡಿ ಐಡಲ್ ಅನ್ನುವ ಸಣ್ಣ ಪ್ರೋಗ್ರಾಂ ಇದೆ, ಅದೇ ಗಡಿಯಾರ ನೋಡಿಕೊಂಡು ಮಲಗಿಸುತ್ತದೆ.

ಸಮಯ ಕೊಟ್ಟಾಯಿತು, ಡಿಸ್ಕು ಮಲಗಲಿಲ್ಲ. ಯಾರೋ ಮುಟ್ಟುತ್ತಲೇ ಇದ್ದಾರೆ! ಯಾರು ಅಂತ ಹುಡುಕಲು ಫ್ಯಾಟ್ರೇಸ್ ಹಾಕಿದೆ. ಯಾವ ಪ್ರೋಗ್ರಾಂ ಯಾವ ಫೈಲನ್ನು ಮುಟ್ಟಿತು ಅಂತ ಅದು ಒಂದೊಂದೇ ಸಾಲಾಗಿ ತೋರಿಸುತ್ತದೆ. ಮೊದಲು ಸಿಕ್ಕಿದ್ದು ಹಾಡಿನ ಸರ್ವರ್. ಹೊಸ ಹಾಡು ಬಂದಿದೆಯಾ ಅಂತ ಆಗಾಗ ಇಡೀ ಸಂಗ್ರಹ ಜಾಲಾಡುತ್ತಿತ್ತು. ಅದನ್ನು ರಾತ್ರಿಗೊಮ್ಮೆ ಅಂತ ಬದಲಿಸಿದೆ. ಆಮೇಲೆ ಫೈಲ್ ಹೆಸರುಗಳ ಪಟ್ಟಿ ಮಾಡುವ ಅಪ್‌ಡೇಟ್‌ಡಿಬಿ. ಅದರ ಸೆಟ್ಟಿಂಗಿನಲ್ಲಿ ಈ ಡಿಸ್ಕನ್ನು ಬಿಡಿಸಿದೆ. ಮೂರನೆಯದು ಮನೆಯ ಒಂದು ಲ್ಯಾಪ್‌ಟಾಪ್. ಸರ್ವರಿನ ಫೋಲ್ಡರನ್ನು ಅದರಲ್ಲಿ ಸದಾ ತೆರೆದಿಟ್ಟಿದ್ದರು, ಫೈಲ್ ಮ್ಯಾನೇಜರ್ ಸಣ್ಣ ಚಿತ್ರಗಳಿಗಾಗಿ ಮತ್ತೆ ಮತ್ತೆ ಕೇಳುತ್ತಿತ್ತು.

ಕೊನೆಗೆ ಉಳಿದದ್ದು ಫ್ಯಾಟ್ರೇಸ್‌ಗೆ ಕಾಣುವಂಥದ್ದೇ ಅಲ್ಲ. ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಡಿ ಯಾವ ಫೈಲನ್ನೂ ಮುಟ್ಟುವುದಿಲ್ಲ, ಡ್ರೈವಿನ ಜೊತೆ ನೇರವಾಗಿ ಮಾತಾಡುತ್ತದೆ. ಬೇರೆ ಹೇಳದಿದ್ದರೆ 30 ನಿಮಿಷಕ್ಕೊಮ್ಮೆ. ಮಲಗಿದ್ದ ಡ್ರೈವನ್ನು ಅದು ಎಬ್ಬಿಸಬಹುದು. ಕೆಲವು ಡ್ರೈವುಗಳಲ್ಲಿ ಅದು ಕೇಳಿದಾಗಲೆಲ್ಲ ಮಲಗುವ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಹಾಗಾಗಿ ನಿದ್ದೆ ಬರುವುದೇ ಇಲ್ಲ. ಅದರ ಸೆಟ್ಟಿಂಗಿನಲ್ಲಿ ‘ಸ್ಟ್ಯಾಂಡ್‌ಬೈಯಲ್ಲಿದ್ದರೆ ಬಿಟ್ಟುಬಿಡು’ ಅನ್ನುವ ಆಯ್ಕೆ ಇದೆ. ಅದನ್ನು ಹಾಕಿ, ಕೇಳುವ ಅವಧಿಯನ್ನೂ ಉದ್ದ ಮಾಡಿದೆ. ಆ ಸಂಜೆ ಡಿಸ್ಕಿನ ಗುನುಗು ಮೊದಲ ಸಲ ತಾನಾಗಿಯೇ ನಿಂತಾಗ ತುಂಬ ಖುಷಿಯಾಯಿತು.

ಇದಕ್ಕೊಂದು ಬೆಲೆ ಇದೆ. ಮಲಗಿದ ಡಿಸ್ಕಿನಲ್ಲಿರುವ ಫೈಲ್ ತೆರೆಯಲು ಹೋದರೆ ಹತ್ತು ಸೆಕೆಂಡು ಕಾಯಬೇಕು. ತಂಗಿ ಒಂದು ಸಲ ಬಂದು ಕೇಳಿದಳು, “ಅಣ್ಣಾ, ಹಳೇ ಫೋಟೋ ಓಪನ್ ಮಾಡಿದ್ರೆ ಯಾಕೋ ನಿಂತೇ ಹೋಗುತ್ತಲ್ಲ, ಸರ್ವರ್ ಕೆಟ್ಟಿದ್ಯಾ?” ಕೆಟ್ಟಿಲ್ಲ, ಡಿಸ್ಕು ಎದ್ದೇಳ್ತಿದೆ ಅಂದೆ. “ಹಂಗಿದ್ರೆ ಪರವಾಗಿಲ್ಲ ಬಿಡು, ಹೊಸದು ಬೇಗ ಬಂದ್ರೆ ಸಾಕು” ಅಂದಳು. ಸಣ್ಣ ಚಿತ್ರಗಳು ಎಸ್‌ಎಸ್‌ಡಿಯಲ್ಲೇ ಇರುವುದರಿಂದ ಆಲ್ಬಮ್ ಸರಸರ ಬರುತ್ತದೆ. ಪೂರ್ತಿ ಚಿತ್ರ ದೊಡ್ಡದಾಗಿ ನೋಡುವಾಗ ಮಾತ್ರ, ಅದೂ ಮೊದಲನೆಯದಕ್ಕೆ ಮಾತ್ರ, ಈ ಕಾಯುವಿಕೆ. ಮನೆಯಲ್ಲಿ ಉಳಿದವರಿಗೆ ಇದನ್ನು ಮೊದಲೇ ಹೇಳಿಟ್ಟರೆ ಒಳ್ಳೆಯದು.

ಈಗಿನ ಅಳತೆ ಹೀಗಿದೆ. ಹಾರ್ಡ್ ಡಿಸ್ಕು ತಿರುಗುತ್ತಿದ್ದರೆ ಗೋಡೆಯ ಹತ್ತಿರ 19 ವ್ಯಾಟ್. ಮಲಗಿದ್ದರೆ 15.5. ಆ ಕ್ಷಣದ ಅಂಕಿಗಿಂತ ಮೀಟರನ್ನು ವಾರವಿಡೀ ಬಿಟ್ಟು ಒಟ್ಟು ಯೂನಿಟ್ ನೋಡುವುದು ಸರಿಯಾದ ಕ್ರಮ. ಮೊದಲು ವಾರಕ್ಕೆ 5.2 ಯೂನಿಟ್ ಆಗುತ್ತಿತ್ತು, ಈಗ 2.7. ಅಂದರೆ ಈಗ ಎಳೆಯುವುದು ಸರಾಸರಿ 16 ವ್ಯಾಟ್, ಉಳಿತಾಯ ವರ್ಷಕ್ಕೆ 130 ಯೂನಿಟ್. ಡಿಸ್ಕು ದಿನಕ್ಕೆ ಕೆಲವೇ ಸಲ ಏಳುತ್ತದೆ. ಈ ಲೆಕ್ಕದಲ್ಲಿ ವರ್ಷಕ್ಕೆ ಎರಡು ಸಾವಿರ ಸಲವೂ ಆಗುವುದಿಲ್ಲ, 6 ಲಕ್ಷದ ಮುಂದೆ ಅದು ಏನೇನೂ ಅಲ್ಲ. ಪೆಟ್ಟಿಗೆಯ ಒಳಗಿನ ಬಿಸಿಯೂ ಇಳಿದಿದೆ, ಫ್ಯಾನ್ ಮೊದಲಿಗಿಂತ ನಿಧಾನವಾಗಿ ತಿರುಗುತ್ತದೆ.

ಯುಎಸ್‌ಬಿ ಡಾಕ್ ಬಳಸುವವರಿಗೆ ಒಂದು ಮಾತು. ಡಾಕಿನೊಳಗಿನ ಚಿಪ್ ಎಲ್ಲ ಆದೇಶಗಳನ್ನೂ ಡಿಸ್ಕಿಗೆ ದಾಟಿಸುತ್ತದೆ ಅಂತೇನಿಲ್ಲ. ಸ್ಮಾರ್ಟ್ ಮಾಹಿತಿ ಬಾರದೆ ಇರಬಹುದು, ಮಲಗು ಅಂದರೂ ಮಲಗದೆ ಇರಬಹುದು. ಸದಾ ಓಡುವ ಡಿಸ್ಕನ್ನು ಹಾಗಾಗಿ ಸಾಟಾಗೇ ಹಾಕಿ, ಡಾಕನ್ನು ಬ್ಯಾಕಪ್‌ಗೆ ಮಾತ್ರ ಇಟ್ಟುಕೊಳ್ಳಿ.

ಇನ್ನು ಉಳಿದದ್ದರಲ್ಲಿ ದೊಡ್ಡ ಪಾಲು ಪವರ್ ಸಪ್ಲೈಯದ್ದು. ಒಂದೇ ಹಾರ್ಡ್ ಡಿಸ್ಕು ಇರುವುದರಿಂದ ಸಣ್ಣ 12 ವೋಲ್ಟ್ ಅಡಾಪ್ಟರಿನಲ್ಲೇ ಎಲ್ಲ ಓಡಿಸಬಹುದು. ಅದನ್ನು ಮುಂದೆ ಮಾಡುತ್ತೇನೆ. 4 ಟಿಬಿ ತುಂಬಿದಾಗ ಇದರ ಪಕ್ಕಕ್ಕೆ ಇನ್ನೊಂದು ಡ್ರೈವ್ ಸೇರಿಸುವುದಿಲ್ಲ. ಇದನ್ನು ಬಿಚ್ಚಿ ಡಾಕಿಗೆ ಕಳಿಸಿ, ಇದರ ಜಾಗದಲ್ಲಿ ಒಂದೇ ಒಂದು ದೊಡ್ಡ ಹೀಲಿಯಂ ಡ್ರೈವ್ ಹಾಕುತ್ತೇನೆ.